ಮಿನಿಯಾಪೊಲಿಸ್‌ನ ಸೇವಂತಿಗೆ ಚಳಿಗಾಲ ದಾಟಬೇಕಾದರೆ

ಪ್ರಶ್ನೆ: ಮಗಳು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದಾಳೆ. ಪ್ರತಿ ಸೆಪ್ಟೆಂಬರಿನಲ್ಲಿ ಗಿಡದ ತುಂಬ ಹೂವಿರುವ ಸೇವಂತಿಗೆಯನ್ನು ಅಂಗಡಿಯಿಂದ ತಂದು ಮನೆಯೆದುರು ನೆಡುತ್ತಾಳೆ. ಒಂದು ತಿಂಗಳು ಚೆಂದ. ಹಿಮ ಕರಗಿದ ಮೇಲೆ ನೋಡಿದರೆ ಗಿಡ ಸತ್ತಿರುತ್ತದೆ. ಈ ಏಪ್ರಿಲ್ ಕೊನೆಗೆ ನಾನು ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗುತ್ತಿದ್ದೇನೆ. ನವರಾತ್ರಿಗೆ ಮನೆಯದೇ ಹೂ ಆಗಬೇಕು, ನಾನು ವಾಪಸು ಬಂದ ಮೇಲೂ ಗಿಡ ಉಳಿಯಬೇಕು ಎಂದು ಆಸೆ. ಊರಿನಿಂದ ಒಂದೆರಡು ಕಂದು ತೆಗೆದುಕೊಂಡು ಹೋಗಬಹುದೇ? ಇನ್ನೊಂದು ಸಂಶಯ: ಜನವರಿಯಲ್ಲಿ ಮಂಗಳೂರಿನ ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನದಿಂದ ತಂದ ಕುಂಡದ ಸೇವಂತಿಗೆ ನಮ್ಮ ಮನೆಯಲ್ಲಿ ಆಟಿ ತಿಂಗಳು (ಜುಲೈ–ಆಗಸ್ಟ್) ದಾಟುವುದೇ ಇಲ್ಲ. ಏಕೆ?
ಓದುಗರೊಬ್ಬರು, ಕುಂಜಿಬೆಟ್ಟು, ಉಡುಪಿ

ಉತ್ತರ: ನಿಮ್ಮ ಮಗಳ ಆರೈಕೆಯಲ್ಲಿ ನನಗೆ ದೊಡ್ಡ ತಪ್ಪೇನೂ ಕಾಣುವುದಿಲ್ಲ. ನೆಡುತ್ತಿರುವ ತಿಂಗಳೇ ಸರಿಯಿಲ್ಲ. ಮೈತುಂಬ ಹೂ ಬಿಟ್ಟು ಅಂಗಡಿಗೆ ಬಂದ ಗಿಡ ತನ್ನ ಕಸುವನ್ನೆಲ್ಲ ಹೂವಿಗೇ ಹಾಕಿಯಾಗಿರುತ್ತದೆ. ಹೊಸ ಮಣ್ಣಿಗೆ ಬೇರು ಇಳಿಸಲು ಅದಕ್ಕೆ ಉಳಿಯುವುದು ಕೆಲವೇ ವಾರ. ಅಕ್ಟೋಬರ್ ಬಂತೆಂದರೆ ಮಿನಿಯಾಪೊಲಿಸ್‌ನಲ್ಲಿ ರಾತ್ರಿಯ ಇಬ್ಬನಿ ಹೆಪ್ಪುಗಟ್ಟಲು ಶುರು, ನೆಲ ದಿನದಿನಕ್ಕೂ ತಣ್ಣಗಾಗುತ್ತದೆ, ಬೇರಿನ ಓಟ ನಿಲ್ಲುತ್ತದೆ.

ನೀವು ಹೋದ ಕೂಡಲೇ ಕಳೆದ ವರ್ಷದ ಸತ್ತ ಗಿಡವನ್ನು ಬುಡ ಹಿಡಿದು ಎಳೆದು ನೋಡಿ. ಬೇರಿನ ಮುದ್ದೆ ಹೆಚ್ಚು ಕಡಿಮೆ ಕುಂಡದ ಆಕಾರದಲ್ಲೇ ಎದ್ದು ಬಂದರೆ ವಿಷಯ ಸ್ಪಷ್ಟ. ಸುತ್ತಲಿನ ಮಣ್ಣಿಗೆ ಬೇರು ಇಳಿದೇ ಇಲ್ಲ. ಆ ಮುದ್ದೆಯನ್ನು ಮಧ್ಯಕ್ಕೆ ಸೀಳಿ ನೋಡಿ. ಅಲ್ಲಿನ ಕುಂಡದ ಗಿಡಗಳು ಬೆಳೆಯುವುದು ಪೀಟ್ ಎಂಬ, ಜೌಗಿನ ಪಾಚಿ ಕಳಿತು ಆದ ಪದಾರ್ಥದ ಹಗುರ ಮಿಶ್ರಣದಲ್ಲಿ. ಅದು ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ಸುಲಭವಾಗಿ ನೀರು ಹೀರುವುದಿಲ್ಲ. ಮೇಲಿಂದ ನೀರು ಹಾಕಿದರೂ ಬದಿಯಿಂದ ಹರಿದುಹೋಗಿ, ನಡುವಿನ ಬೇರು ಒಣಗಿಯೇ ಇರುತ್ತದೆ. ಹೀಗೆ ಅರ್ಧ ಒಣಗಿದ, ಅರ್ಧ ಸುತ್ತಿಕೊಂಡ ಬೇರಿನ ಗಿಡವನ್ನು ಡಿಸೆಂಬರಿನ ಹೆಪ್ಪುಗಟ್ಟಿದ ನೆಲಕ್ಕೆ ಒಪ್ಪಿಸಿದರೆ ಎಷ್ಟು ಗಟ್ಟಿ ತಳಿಯಾದರೂ ಉಳಿಯುವುದು ಕಷ್ಟ. ನನ್ನನ್ನು ಕೇಳಿದರೆ, ಸೆಪ್ಟೆಂಬರಿನಲ್ಲಿ ಕೊಳ್ಳುವ ಗಿಡವನ್ನು ಹೂದಾನಿಯಲ್ಲಿಟ್ಟ ಹೂವಿನ ಹಾಗೆ ಒಂದು ತಿಂಗಳ ಖುಷಿ ಎಂದೇ ಲೆಕ್ಕ ಹಾಕಬೇಕು. ವರ್ಷ ವರ್ಷ ಬರಬೇಕಾದ ಗಿಡವನ್ನು ಮೇ ತಿಂಗಳಲ್ಲಿ ನೆಡಬೇಕು. ಆ ದೃಷ್ಟಿಯಿಂದ ನೀವು ಹೋಗುತ್ತಿರುವ ಹೊತ್ತು ಬಹಳ ಒಳ್ಳೆಯದು.

ಸೇವಂತಿಗೆಯ ಸ್ವಭಾವ ಸ್ವಲ್ಪ ತಿಳಿದಿದ್ದರೆ ಮುಂದಿನದೆಲ್ಲ ಸಲೀಸು. ಹಗಲು ಗಿಡ್ಡವಾಗಿ ರಾತ್ರಿ ಉದ್ದವಾಗುತ್ತ ಬಂದಾಗ ಮೊಗ್ಗು ಕಟ್ಟುವ ಗಿಡ ಇದು. ಗಿಡಗಳು ಹಗಲು ರಾತ್ರಿಯ ಅಳತೆ ನೋಡಿ ಹೂ ಬಿಡುತ್ತವೆ ಎಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಹೊಗೆಸೊಪ್ಪು ಮತ್ತು ಸೋಯಾ ಗಿಡಗಳ ಮೇಲೆ ಪ್ರಯೋಗ ಮಾಡಿ 1920ರಲ್ಲಿ ತೋರಿಸಿಕೊಟ್ಟರು. ಹೂ ಬೆಳೆಗಾರರು ಆ ತಿಳಿವಳಿಕೆಯನ್ನು ಸೇವಂತಿಗೆಯಲ್ಲಿ ಬಳಸಿಕೊಂಡಷ್ಟು ಬೇರೆ ಹೂವಿನಲ್ಲಿ ಬಳಸಿಕೊಂಡದ್ದು ಕಡಿಮೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಹೊಲದ ತುಂಬ ಬಲ್ಬು ಉರಿಯುವುದನ್ನು ನೀವು ನೋಡಿರಬಹುದು. ಗಿಡ ಸಾಕಷ್ಟು ಎತ್ತರಕ್ಕೆ ಬರುವ ಮೊದಲೇ ಮೊಗ್ಗು ಕಟ್ಟಬಾರದೆಂದು ರೈತರು ರಾತ್ರಿಯನ್ನು ಬೆಳಕಿನಿಂದ ತುಂಡರಿಸುತ್ತಾರೆ.

ಉಡುಪಿಯಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆಗೆ ಸ್ವಲ್ಪ ಕಡಿಮೆಯೇ. ಡಿಸೆಂಬರಿನಲ್ಲಿ ಅದು ಸುಮಾರು 11 ಗಂಟೆ 20 ನಿಮಿಷಕ್ಕೆ ಇಳಿಯುತ್ತದೆ. ಮಿನಿಯಾಪೊಲಿಸ್‌ ಇರುವುದು ಸುಮಾರು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಜೂನ್ ಕೊನೆಯ ಹಗಲು ಹದಿನೈದೂವರೆ ಗಂಟೆಗೂ ಮಿಕ್ಕಿರುತ್ತದೆ, ಆಗಸ್ಟ್ ಮಧ್ಯಕ್ಕೆ 14 ಗಂಟೆಗೆ ಬರುತ್ತದೆ, ಆಮೇಲೆ ದಿನಕ್ಕೆ ಸುಮಾರು ಮೂರು ನಿಮಿಷದಂತೆ ಕರಗುತ್ತ ಹೋಗುತ್ತದೆ. ಗಿಡ ಮೊಗ್ಗು ಕಟ್ಟಲು ಶುರುಮಾಡಿದ ದಿನದಿಂದ ಹೂ ಅರಳಲು ತಳಿಯನ್ನು ನೋಡಿಕೊಂಡು 6 ವಾರದಿಂದ 15 ವಾರದವರೆಗೆ ಬೇಕು. ಹಾಗಾಗಿ ಚಳಿ ಸೀಮೆಯ ಅಂಗಳಕ್ಕೆ ಬೇಕಾದ್ದು ಆರೇಳು ವಾರದಲ್ಲಿ ಅರಳುವ ಬೇಗದ ತಳಿ. ಆಗಸ್ಟಿನಲ್ಲಿ ಮೊಗ್ಗು ಹಿಡಿದರೆ ಸೆಪ್ಟೆಂಬರ್ ಕೊನೆಗೆ ಹೂ.

ಊರಿನ ಕಂದು ಬೇಡ ಎನ್ನಲು ಇದೇ ಮೊದಲ ಕಾರಣ. ನಮ್ಮ ಕಡೆಯ ಹಳದಿ ಸೇವಂತಿಗೆಗಳು ಸಹಜವಾಗಿ ಅರಳುವುದು ನವೆಂಬರ್, ಡಿಸೆಂಬರ್ ಹೊತ್ತಿಗೆ. ಅವನ್ನು ಮಿನಿಯಾಪೊಲಿಸ್‌ ಇರುವ ಮಿನೆಸೋಟ ರಾಜ್ಯದ ನೆಲದಲ್ಲಿ ನೆಟ್ಟರೆ ಅಕ್ಟೋಬರಿನ ಹಿಮಕ್ಕೆ ಹಸಿರು ಮೊಗ್ಗಿನಲ್ಲೇ ಸುಟ್ಟುಹೋಗುತ್ತವೆ. ಆ ಚಳಿಗಾಲವನ್ನು ತಾಳುವ ಬುಡವೂ ಅವಕ್ಕಿಲ್ಲ. ಎರಡನೆಯದು ಕಾನೂನು. ಬೇರು, ನೆಡುವ ಕಡ್ಡಿ ಯಾವುದನ್ನೂ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಬ್ಯಾಗಿನಲ್ಲಿ ಒಯ್ಯುವಂತಿಲ್ಲ. ಸೇವಂತಿಗೆಯ ಮೇಲಂತೂ ಬಿಳಿ ತುಕ್ಕು ರೋಗದ ಭಯದಿಂದ ಅಮೆರಿಕದ ಅಧಿಕಾರಿಗಳಿಗೆ ವಿಶೇಷ ಕಣ್ಣು. ವಿಮಾನ ನಿಲ್ದಾಣದಲ್ಲಿ ಕಸದ ಬುಟ್ಟಿಗೆ ಹಾಕಿಸಿ ದಂಡ ಕಟ್ಟುವ ಪ್ರಸಂಗ ನಿಮಗೆ ಬರುವುದು ಬೇಡ.

ಒಳ್ಳೆಯ ಸುದ್ದಿಯೆಂದರೆ ನಿಮ್ಮ ಮಗಳಿರುವ ಊರಿನಷ್ಟು ಚಳಿ ತಾಳುವ ಸೇವಂತಿಗೆಯ ಮೇಲೆ ಕೆಲಸ ನಡೆದ ಊರು ಕಡಿಮೆ. ಮಿನೆಸೋಟ ವಿಶ್ವವಿದ್ಯಾಲಯದವರು ಹಲವು ದಶಕಗಳಿಂದ ಇದೇ ಕೆಲಸದಲ್ಲಿದ್ದಾರೆ. ಅವರು ಬಿಡುಗಡೆ ಮಾಡಿದ ‘ಮ್ಯಾಮತ್’ ಸರಣಿಯನ್ನು ನಾನು ಮೊದಲ ಆಯ್ಕೆಯಾಗಿ ಹೇಳುತ್ತೇನೆ. ಅಲ್ಲಿ ಗಿಡದ ಚೀಟಿಯಲ್ಲಿ ಝೋನ್ ಎಂದೊಂದು ಸಂಖ್ಯೆ ಇರುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಗಿಡ ಹೆಚ್ಚು ಚಳಿ ತಾಳುತ್ತದೆ. ಮಿನಿಯಾಪೊಲಿಸ್‌ 4 ಮತ್ತು 5ರ ಗಡಿಯಲ್ಲಿದೆ. ಚಳಿಗಾಲದ ಅತಿ ಕೆಟ್ಟ ರಾತ್ರಿ ಸರಾಸರಿ −29 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. ಮ್ಯಾಮತ್ ಗಿಡಗಳು ಝೋನ್ 3ರವರೆಗೂ ತಾಳುತ್ತವೆ. ಬಲಿತ ಗಿಡ ಸುಮಾರು ಮೂರಡಿ ಅಗಲಕ್ಕೆ ಗುಡ್ಡೆಯಾಗಿ ಹಬ್ಬಿ ಒಂದು ಸಲಕ್ಕೆ ನೂರಾರು ಹೂ ಬಿಡುತ್ತದೆ. ಹೂ ನಮ್ಮ ಮಾರುಕಟ್ಟೆಯ ಸೇವಂತಿಗೆಯಷ್ಟು ದಟ್ಟವಲ್ಲ. ನಡುವಿನ ಹಳದಿ ಕಾಣುವ, ಸಡಿಲ ಎಸಳಿನವು ಹೆಚ್ಚು. ಕಟ್ಟಿ ಮಾಲೆ ಮಾಡಲು ಅಷ್ಟು ಒದಗುವುದಿಲ್ಲ, ಅರ್ಚನೆಗೆ, ಬಾಗಿಲಿಗೆ, ತಟ್ಟೆಗೆ ಧಾರಾಳ. ಗುಲಾಬಿ ಬಣ್ಣದ ‘ಕ್ಲಾರಾ ಕರ್ಟಿಸ್’ ಕೂಡ ಹಳೆಯ, ನಂಬಿಕೆಯ ತಳಿ. ‘ಶೆಫೀಲ್ಡ್ ಪಿಂಕ್’ ಬಣ್ಣದಲ್ಲಿ ಎಲ್ಲಕ್ಕಿಂತ ಚೆಂದ ಎಂದು ನನ್ನ ಎಣಿಕೆ, ಆದರೆ ಅರಳುವುದು ಅಕ್ಟೋಬರ್ ಕೊನೆಗೆ. ನಿಮ್ಮ ಮಗಳ ಊರಿಗೆ ಅದು ತಡವಾಯಿತು.

ಒಂದು ಎಚ್ಚರಿಕೆ. ಸೂಪರ್ ಮಾರ್ಕೆಟ್ಟಿನಲ್ಲಿ ಮಿಂಚುವ ಕಾಗದ ಸುತ್ತಿ ಮಾರುವ, ಮನೆಯೊಳಗೆ ಇಡುವ ಸೇವಂತಿಗೆಯೇ ಬೇರೆ. ಚಳಿ ತಾಳುವ ತೋಟದ ಸೇವಂತಿಗೆ ಶರತ್ಕಾಲದಲ್ಲಿ ಬುಡದ ಸುತ್ತ ನೆಲದೊಳಗಿನಿಂದ ಚಿಕ್ಕ ಕಂದುಗಳನ್ನು ಎಬ್ಬಿಸುತ್ತದೆ. ಮೇಲಿನ ಕಡ್ಡಿ ಸತ್ತರೂ ಮುಂದಿನ ವರ್ಷದ ಗಿಡ ಹುಟ್ಟುವುದು ಆ ಕಂದುಗಳಿಂದ. ಮನೆಯೊಳಗಿನ ಜಾತಿ ಅಂಥ ಕಂದುಗಳನ್ನು ಬಿಡುವುದು ತೀರ ಕಡಿಮೆ. ಗಿಡ ಕೊಳ್ಳುವಾಗ ಎಲೆ ಸರಿಸಿ ಬುಡ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಬುಡದಲ್ಲಿ ಮಣ್ಣಿಗಂಟಿಕೊಂಡು ಹಸಿರು ಚಿಗುರು ಎದ್ದಿದ್ದರೆ ಧೈರ್ಯವಾಗಿ ತನ್ನಿ.

ಇನ್ನು ಕೆಲಸ. ಜಾಗ ಆರಿಸುವಾಗ ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಬೀಳುವಲ್ಲಿ ನೋಡಿ. ಮಾಡಿನ ನೀರು ಬೀಳುವ ಕಡೆ ಬೇಡ. ವಾಹನದ ದಾರಿಯ ಅಂಚೂ ಬೇಡ. ಚಳಿಗಾಲದಲ್ಲಿ ಹಿಮ ಕರಗಲೆಂದು ಚೆಲ್ಲುವ ಉಪ್ಪು ಅಲ್ಲಿಯೇ ಬಂದು ಸೇರುತ್ತದೆ. ರಾತ್ರಿಯಿಡೀ ಉರಿಯುವ ಬೀದಿದೀಪದ, ಜಗಲಿಯ ದೀಪದ ಕೆಳಗಂತೂ ನೆಡಲೇಬಾರದು. ಗಿಡಕ್ಕೆ ರಾತ್ರಿ ಉದ್ದವಾಯಿತೆಂದು ತಿಳಿಯದೆ ಮೊಗ್ಗು ತಡವಾಗುತ್ತದೆ. ಮಣ್ಣು ಜೇಡಿಯಾಗಿದ್ದರೆ ಒಂದು ಗೇಣು ಎತ್ತರದ ಮಡಿ ಮಾಡಿ, ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿ. ಇದನ್ನು ಒತ್ತಿ ಹೇಳುತ್ತೇನೆ: ಚಳಿಗಾಲದಲ್ಲಿ ಸಾಯುವ ಸೇವಂತಿಗೆಗಳಲ್ಲಿ ಬಹಳಷ್ಟು ಬುಡದಲ್ಲಿ ನೀರು ನಿಂತು, ಆ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಸಾಯುತ್ತವೆ.

ಮೇ ಮಧ್ಯದ ಹೊತ್ತಿಗೆ ಹಿಮದ ಭಯ ಬಹುಮಟ್ಟಿಗೆ ಕಳೆದಿರುತ್ತದೆ, ಆಗ ನೆಡಿ. ನರ್ಸರಿಯಲ್ಲಿ ಸಿಗುವುದು ನಾಲ್ಕಿಂಚಿನ ಕುಂಡದ ಪುಟ್ಟ ಸಸಿ. ನೋಡಲು ಏನೂ ಇಲ್ಲ, ಹೂವಂತೂ ಇಲ್ಲವೇ ಇಲ್ಲ. ಮಗಳಿಗೆ ನಿರಾಸೆಯಾಗಬಹುದು, ಅದನ್ನೇ ತನ್ನಿ. ಕುಂಡದಲ್ಲಿ ಇದ್ದ ಆಳಕ್ಕೇ ನೆಡಿ, ಬುಡ ಹೂತುಹೋಗಬಾರದು. ಸಾಧಾರಣ ತಳಿಗೆ ಒಂದೂವರೆ ಅಡಿ, ಮ್ಯಾಮತ್‌ಗೆ ಮೂರಡಿ ಅಂತರ ಬಿಡಿ. ಆ ಖಾಲಿ ಜಾಗ ನೋಡಿ ನಡುವೆ ಇನ್ನೊಂದು ತುರುಕುವ ಮನಸ್ಸಾಗುತ್ತದೆ, ತಡೆದುಕೊಳ್ಳಿ.

ಗಿಡ ಒಂದು ಗೇಣು ಎತ್ತರಕ್ಕೆ ಬಂದಾಗ ಹೆಬ್ಬೆರಳು ತೋರುಬೆರಳಿನ ನಡುವೆ ತುದಿಯ ಕುಡಿಯನ್ನು ಹಿಡಿದು ಅರ್ಧ ಇಂಚಿನಷ್ಟು ಚಿವುಟಿ. ಚಿವುಟಿದ ಜಾಗದ ಕೆಳಗಿನ ಎಲೆಯ ಕಂಕುಳಿನಲ್ಲಿ ವಾರ ಕಳೆಯುವುದರೊಳಗೆ ಸಣ್ಣ ಚಿಗುರು ಇಣುಕುತ್ತದೆ. ಒಂದು ಕಡ್ಡಿ ಮೂರು ನಾಲ್ಕಾಗುತ್ತದೆ, ಅವನ್ನೂ ಎರಡು ಮೂರು ವಾರ ಬಿಟ್ಟು ಚಿವುಟಿದರೆ ಗಿಡ ಗಿಡ್ಡವಾಗಿ, ದುಂಡಗೆ, ಊರುಗೋಲಿಲ್ಲದೆ ನಿಲ್ಲುತ್ತದೆ. ಜುಲೈ 4, ಅಂದರೆ ಅವರ ಸ್ವಾತಂತ್ರ್ಯ ದಿನದವರೆಗೆ ಚಿವುಟಬಹುದು ಎಂಬುದು ಅಲ್ಲಿನ ತೋಟಗಾರರ ರೂಢಿಯ ಮಾತು. ಅಷ್ಟು ಉತ್ತರದ ಊರಿನಲ್ಲಿ ಜೂನ್ ಕೊನೆಗೇ ನಿಲ್ಲಿಸುವುದು ಲೇಸು. ತಡವಾಗಿ ಚಿವುಟಿದಷ್ಟೂ ಹೂ ತಡ, ಹಿಂದೆಯೇ ಹಿಮ. ಮ್ಯಾಮತ್ ಗಿಡಕ್ಕೆ ಚಿವುಟುವ ಕೆಲಸವೇ ಇಲ್ಲ, ಅದು ತಾನಾಗಿ ಕವಲೊಡೆಯುತ್ತದೆ.

ಗೊಬ್ಬರ ಜುಲೈ ಕೊನೆಯವರೆಗೆ ಹದವಾಗಿ ಕೊಡಿ. ಆಮೇಲೂ ಸಾರಜನಕದ ಗೊಬ್ಬರ ಸುರಿದರೆ ಎಳೆ ಚಿಗುರು ಬರುತ್ತಲೇ ಇರುತ್ತದೆ, ಎಳೆ ಚಿಗುರಿಗೆ ಚಳಿ ತಾಳುವ ಶಕ್ತಿ ಇಲ್ಲ. ನೀರು ಬುಡಕ್ಕೆ ಹಾಕಿ, ಎಲೆಯ ಮೇಲೆ ಬೇಡ. ಕೆಳಗಿನ ಎಲೆಗಳಲ್ಲಿ ಕಪ್ಪು ಚುಕ್ಕೆ ಕಂಡರೆ ಕಿತ್ತು ದೂರ ಹಾಕಿ. ಗಿಡಹೇನು ಬಂದರೆ ಪೈಪಿನ ನೀರಿನ ರಭಸಕ್ಕೇ ಹೆಚ್ಚಿನವು ಉದುರುತ್ತವೆ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಗಿಡ ತಿನ್ನದಂತೆ ನೋಡಿಕೊಳ್ಳಿ, ಸೇವಂತಿಗೆಯ ಎಲೆ ಹೂ ಅವಕ್ಕೆ ಆಗುವುದಿಲ್ಲ.

ನವರಾತ್ರಿ ಸೆಪ್ಟೆಂಬರ್ ಕೊನೆಗೂ ಬರುತ್ತದೆ, ಅಕ್ಟೋಬರ್ ನಡುವಿಗೂ ಬರುತ್ತದೆ. ಮ್ಯಾಮತ್ ಹೂ ಸೆಪ್ಟೆಂಬರಿನಿಂದ ಗಟ್ಟಿ ಹಿಮ ಬೀಳುವ ತನಕ ಇರುವುದರಿಂದ ಎರಡಕ್ಕೂ ಹೊಂದುತ್ತದೆ. ಹಬ್ಬ ತಡವಾಗಿ ಬಂದ ವರ್ಷ ಹವಾಮಾನದ ಮೇಲೆ ಕಣ್ಣಿಡಿ. ರಾತ್ರಿ ಸೊನ್ನೆಗೆ ಇಳಿಯುತ್ತದೆ ಎಂಬ ಮುನ್ಸೂಚನೆ ಇದ್ದರೆ ಸಂಜೆಯೇ ಹಳೆಯ ಬೆಡ್‌ಶೀಟ್ ಹೊದಿಸಿ, ಬೆಳಿಗ್ಗೆ ಬಿಸಿಲು ಬಂದ ಮೇಲೆ ತೆಗೆಯಿರಿ. ಪ್ಲಾಸ್ಟಿಕ್ ಬೇಡ, ಅದು ಮುಟ್ಟಿದಲ್ಲೆಲ್ಲ ಎಸಳು ಕಂದುತ್ತದೆ. ಆ ತಂಪಿನಲ್ಲಿ ಹೂವಿನ ಬಣ್ಣ ಏರುವುದನ್ನು ಗಮನಿಸಿ. ಗುಲಾಬಿ, ಕೆಂಪು, ತಾಮ್ರದ ಬಣ್ಣಗಳಿಗೆ ಕಾರಣವಾದ ಆಂಥೊಸಯಾನಿನ್ ಎಂಬ ವಸ್ತು ತಂಪು ರಾತ್ರಿಗಳಲ್ಲಿ ಹೆಚ್ಚು ತಯಾರಾಗುತ್ತದೆ, ಸೆಕೆಯಲ್ಲಿ ಕಡಿಮೆ. ಕೆಲವು ಬಿಳಿ ಹೂಗಳೂ ಹಳತಾಗುತ್ತ ಗುಲಾಬಿ ಅಂಚು ತಾಳುತ್ತವೆ. ಅಲ್ಲಿನ ಸೇವಂತಿಗೆಯ ಬಣ್ಣ ನಮ್ಮಲ್ಲಿ ಬರುವುದಿಲ್ಲ ಎನ್ನುವುದು ಇದಕ್ಕೇ.

ನೀವು ಹೊರಟ ಮೇಲಿನ ಕೆಲಸ ಮಗಳದು, ಅದು ಜಾಸ್ತಿಯೇನಲ್ಲ. ನೆಲ ಹೆಪ್ಪುಗಟ್ಟುವವರೆಗೆ ಮಳೆ ಇಲ್ಲದ ವಾರಗಳಲ್ಲಿ ನೀರು ಕೊಡುತ್ತಿರಬೇಕು; ಒಣ ಬೇರು ಚಳಿಗೆ ಬೇಗ ಸೋಲುತ್ತದೆ. ಹೂ ಕಪ್ಪಾಗಿ ಕಡ್ಡಿ ಒಣಗಿದಾಗ ಚೊಕ್ಕ ಮಾಡುವ ಉಮೇದಿನಲ್ಲಿ ಬುಡಕ್ಕೆ ಕತ್ತರಿಸಬಾರದು. ಆ ಒಣ ಕಡ್ಡಿಗಳು ಗಾಳಿಗೆ ಹಾರಿಹೋಗುವ ಹಿಮವನ್ನು ಬುಡದ ಮೇಲೆ ಹಿಡಿದಿಡುತ್ತವೆ, ಹಿಮದ ಹೊದಿಕೆಯ ಕೆಳಗಿನ ನೆಲ ಮೇಲಿನ ಗಾಳಿಗಿಂತ ಎಷ್ಟೋ ಬೆಚ್ಚಗಿರುತ್ತದೆ. ಹಿಮ ಇಲ್ಲದೆ ಬರೀ ಚಳಿ ಇರುವ ವರ್ಷವೇ ಗಿಡಕ್ಕೆ ಅಪಾಯ. ಅದಕ್ಕಾಗಿ ನೆಲದ ಮೇಲ್ಮೈ ಗಟ್ಟಿಯಾದ ಮೇಲೆ, ಸಾಮಾನ್ಯವಾಗಿ ನವೆಂಬರ್ ಕೊನೆಗೆ, ಗೋಧಿ ಹುಲ್ಲನ್ನೋ ಪೈನ್ ಮರದ ಟೊಂಗೆಗಳನ್ನೋ ಅರ್ಧ ಅಡಿ ದಪ್ಪಕ್ಕೆ ಸಡಿಲವಾಗಿ ಹೊದಿಸಲಿ. ನೆಲ ಬೆಚ್ಚಗಿರುವಾಗಲೇ ಹೊದಿಸಿದರೆ ಬುಡ ಕೊಳೆಯುತ್ತದೆ, ಇಲಿಗಳೂ ಬಂದು ಸೇರುತ್ತವೆ. ಅಗಲ ಎಲೆಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡು ಉಸಿರು ಕಟ್ಟಿಸುತ್ತವೆ, ಅವು ಬೇಡ.

ಮಾರ್ಚ್, ಏಪ್ರಿಲ್‌ನಲ್ಲಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಆಟದಲ್ಲಿ ನೆಲ ಉಬ್ಬಿ ಗಿಡವನ್ನು ಮೇಲಕ್ಕೆ ಎತ್ತುವುದುಂಟು. ಬೇರು ಕಂಡರೆ ಕಾಲಿನಿಂದ ಮೆಲ್ಲಗೆ ಒತ್ತಿ ಮಣ್ಣು ಕೊಡಬೇಕು. ಹೊದಿಕೆಯನ್ನು ಒಂದೇ ದಿನ ಕಿತ್ತುಹಾಕದೆ ಏಪ್ರಿಲ್ ಉದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ತೆಗೆಯಲಿ. ಒಣ ಕಡ್ಡಿಯನ್ನು ಆಗ ಕತ್ತರಿಸಬಹುದು. ಮೇ ಮಧ್ಯದವರೆಗೆ ಚಿಗುರು ಕಾಣದಿದ್ದರೂ ಕೀಳುವುದು ಬೇಡ. ಹಳೆಯ ಕಡ್ಡಿಯಿಂದ ನಾಲ್ಕು ಬೆರಳು ಆಚೆ ಮಣ್ಣನ್ನು ಉಗುರಿನಿಂದ ಕೆದಕಿ ನೋಡಲಿ, ಬೂದಿ ಹಸಿರಿನ, ಮುದುಡಿದ ಪುಟ್ಟ ಎಲೆಯ ಗೊಂಚಲು ಅಲ್ಲಿರಬಹುದು. ಎರಡು ಮೂರು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಗಿಡವನ್ನು ಅಗೆದು, ನಡುವಿನ ಕೊರಡಾದ ಭಾಗವನ್ನು ಎಸೆದು, ಅಂಚಿನ ಕಂದುಗಳನ್ನು ಬಿಡಿಬಿಡಿಯಾಗಿ ನೆಡಬೇಕು. ಹಾಗೆ ಮಾಡದಿದ್ದರೆ ನಡು ಬೋಳಾಗಿ ಹೂ ಸಣ್ಣದಾಗುತ್ತದೆ.

ಈ ಸೆಪ್ಟೆಂಬರಿನಲ್ಲೂ ಅಂಗಡಿಯ ಗಿಡ ಕಂಡು ಮಗಳು ಆಸೆಪಟ್ಟು ತಂದರೆ ಅದನ್ನು ನೆಲಕ್ಕೆ ಹಾಕುವುದು ಬೇಡ. ಹೂ ಮುಗಿದ ಮೇಲೆ ಹೀಟರ್ ಇಲ್ಲದ ಗ್ಯಾರೇಜಿನಲ್ಲಿ, ಕುಂಡ ಪೂರ್ತಿ ಹೆಪ್ಪುಗಟ್ಟದ, ಸೊನ್ನೆಯಿಂದ ಐದು ಡಿಗ್ರಿಯಷ್ಟು ಇರುವ ಮೂಲೆಯಲ್ಲಿಟ್ಟು ತಿಂಗಳಿಗೊಮ್ಮೆ ಲೋಟ ನೀರು ಕೊಡುತ್ತಿದ್ದರೆ ಉಳಿಯುವ ಸಾಧ್ಯತೆ ಚೆನ್ನಾಗಿಯೇ ಇದೆ. ಮೇ ಬಂದಾಗ ನೆಲಕ್ಕೆ.

ಇನ್ನು ಕುಂಜಿಬೆಟ್ಟಿನ ಕುಂಡ. ಇಲ್ಲಿ ಗಿಡವನ್ನು ಕೊಲ್ಲುವುದು ಮಳೆಗಾಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಗೆ ಸೇವಂತಿಗೆಯ ಬೇರು ಹೇಳಿ ಮಾಡಿಸಿದ್ದಲ್ಲ. ಚೌತಿ, ನವರಾತ್ರಿಗೆ ನಮ್ಮ ರಥಬೀದಿಯಲ್ಲೂ ಮಂಗಳೂರಿನ ಹಂಪನಕಟ್ಟೆಯಲ್ಲೂ ರಾಶಿ ಹಾಕಿ ಮಾರುವ ಸೇವಂತಿಗೆ ಹಾಸನ, ಚಿಕ್ಕಮಗಳೂರು ಎಂದು ಘಟ್ಟದ ಮೇಲಿನಿಂದಲೇ ಬರುತ್ತದೆ. ಆದರೂ ಮನೆಮಟ್ಟಿಗೆ ಸಾಧ್ಯ. ಫೆಬ್ರವರಿಯಲ್ಲಿ ಹೂ ಮುಗಿದ ಕೂಡಲೇ ಕಡ್ಡಿಗಳನ್ನು ನಾಲ್ಕಿಂಚು ಬಿಟ್ಟು ಕತ್ತರಿಸಿ, ಕುಂಡವನ್ನು ಮಧ್ಯಾಹ್ನದ ಬಿಸಿಲು ಬೀಳದ ಕಡೆ ಇಡಿ. ಬುಡದಲ್ಲಿ ಕಂದುಗಳು ಏಳುತ್ತವೆ. ಮೇ ಕೊನೆಯೊಳಗೆ, ಮೊದಲ ಮಳೆಗೆ ಮುಂಚೆ, ಅವನ್ನು ಬಿಡಿಸಿ ಹೊಸ ಮಿಶ್ರಣಕ್ಕೆ ಹಾಕಿ: ಒಂದು ಪಾಲು ಮಣ್ಣು, ಒಂದು ಪಾಲು ಹೊಯಿಗೆ, ಒಂದು ಪಾಲು ಕಳಿತ ಹಟ್ಟಿಗೊಬ್ಬರ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ನಮ್ಮ ಮುರಕಲ್ಲಿನ ಕೆಂಪು ಮಣ್ಣು ಹುಳಿ, ಕುಂಡಕ್ಕೊಂದು ಚಮಚ ಸುಣ್ಣ ಬೆರೆಸಿದರೆ ಒಳ್ಳೆಯದು. ಮಳೆಗಾಲವಿಡೀ ಬೆಳಕು ಬೀಳುವ, ಮಳೆ ಬೀಳದ ಜಾಗ ಬೇಕು. ಪಾರದರ್ಶಕ ಶೀಟು ಹಾಕಿದ ಮಾಡು ಇದ್ದರೆ ಅದೇ ಸರಿ. ಕುಂಡದ ಕೆಳಗೆ ಎರಡು ತುಂಡು ಇಟ್ಟಿಗೆ ಕೊಟ್ಟು ತೂತು ತೆರೆದಿರುವಂತೆ ನೋಡಿಕೊಳ್ಳಿ, ಕೆಳಗಿನ ತಟ್ಟೆ ತೆಗೆದುಬಿಡಿ.

ನೀವು ಏಪ್ರಿಲ್ ಕೊನೆಗೆ ಹೊರಡುವುದರಿಂದ ಕಂದು ಬಿಡಿಸುವ ಕೆಲಸ ಹೊರಡುವ ಮುಂಚಿನ ವಾರ ಮುಗಿಸಿ, ಮನೆ ನೋಡಿಕೊಳ್ಳುವವರಿಗೆ ನೀರಿನ ಲೆಕ್ಕ ಹೇಳಿ ಹೋಗಿ: ಮೇಲ್ಮಣ್ಣು ಬೆರಳಿಗೆ ಒಣಗಿದೆ ಎನಿಸಿದರೆ ಮಾತ್ರ ನೀರು, ಮಳೆಗಾಲದಲ್ಲಿ ವಾರಕ್ಕೊಮ್ಮೆಯೂ ಬೇಕಾಗದೆ ಇರಬಹುದು. ಆಗಸ್ಟ್ ಕೊನೆಗೆ ಒಮ್ಮೆ ಕುಡಿ ಚಿವುಟಿಸಿ, ಮಳೆ ಹಿಂದೆ ಸರಿದ ಮೇಲೆ ಬಿಸಿಲಿಗೆ ಇಡಿಸಿ. ನೀವು ಮರಳಿ ಬಂದು ಒಂದೆರಡು ತಿಂಗಳಲ್ಲಿ ಹೂ ನೋಡಬಹುದು. ಗಿಡ ಮೊದಲಿನಷ್ಟು ಗಿಡ್ಡವಾಗಿರದೆ ಉದ್ದ ಬೆಳೆದರೆ ಗಾಬರಿಯಾಗಬೇಡಿ. ಮಾರಾಟದ ಕುಂಡಗಳಿಗೆ ಸಾಮಾನ್ಯವಾಗಿ ಎತ್ತರ ತಡೆಯುವ ರಾಸಾಯನಿಕ ಸಿಂಪಡಿಸಿರುತ್ತಾರೆ, ಅದರ ಪ್ರಭಾವ ಕಳೆದ ಮೇಲೆ ಗಿಡ ತನ್ನ ಸಹಜ ಎತ್ತರಕ್ಕೆ ಹೋಗುತ್ತದೆ. ಒಂದು ಕೋಲು ಊರಿ ಕಟ್ಟಿದರಾಯಿತು. ಮುಂದಿನ ಸಲ ಕದ್ರಿಯಿಂದ ತರುವಾಗ ಗುಲಾಬಿ, ಕೆಂಪು ಬಿಟ್ಟು ಹಳದಿ ಅಥವಾ ಬಿಳಿ ಆರಿಸಿ. ಹಳದಿ ಬಣ್ಣ ಬರುವುದು ಬೇರೆ ವಸ್ತುವಿನಿಂದ, ಕರಾವಳಿಯ ಸೆಕೆಗೆ ಅದು ಅಷ್ಟಾಗಿ ಮಂಕಾಗುವುದಿಲ್ಲ. ಕುಂಡವನ್ನು ಅಂಗಳದ ದೀಪದಿಂದ ದೂರ ಇಡುವುದು ಇಲ್ಲಿಗೂ ಅನ್ವಯ. ರಾತ್ರಿ ಹತ್ತಕ್ಕೆ ದೀಪ ಆರಿಸುವ ಮನೆಯಾದರೂ ಅಕ್ಟೋಬರ್, ನವೆಂಬರಿನಲ್ಲಿ ಕುಂಡವನ್ನು ಹಿತ್ತಿಲ ಕಡೆಗೆ ಸರಿಸಿ.